ಕವಳೆ ಬೇಲಿ: ಮೊದಲು ಕತ್ತರಿ, ಆಮೇಲೆ ಹಣ್ಣು

ಬೇಕರಿ ಕೇಕಿನ ಮೇಲೆ ಕೆಂಪಗೆ ಕೂತಿರುತ್ತದಲ್ಲ ಚೆರ್ರಿ, ಅದು ಎಷ್ಟೋ ಸಲ ಚೆರ್ರಿಯೇ ಅಲ್ಲ. ಬೀಜ ತೆಗೆದ ಕವಳೆಕಾಯಿಯನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಹಾಕಿದ್ದು. ಕರಾವಳಿಯವರಿಗೆ ಇದೇ ಕರಂಡೆ. ಮೈಸೂರಿನ ಕೆಂಪು ಮಣ್ಣಿಗೆ, ನಮ್ಮ ಬೇಸಿಗೆಗೆ ಹೇಳಿ ಮಾಡಿಸಿದ ಬೇಲಿ ಗಿಡ. ಜೋಡಿ ಮುಳ್ಳು, ದಪ್ಪ ಎಲೆ, ಮಲ್ಲಿಗೆಯಂಥ ಬಿಳಿ ಹೂವು. ಮುರಿದರೆ ಹಾಲು ಸುರಿಯುತ್ತದೆ. ಕಣಗಿಲೆಯ ಕುಟುಂಬದ್ದು, ಆದರೆ ಇದರ ಹಣ್ಣು ತಿನ್ನಬಹುದು.

ಬೀಜದಿಂದ ಶುರು ಮಾಡುವುದಾದರೆ ಮಳೆಗಾಲದಲ್ಲಿ ಕಪ್ಪಗೆ ಕಳಿತ ಹಣ್ಣು ತನ್ನಿ. ಹಿಸುಕಿ ಬೀಜ ತೆಗೆದು, ಲೋಳೆ ಹೋಗುವಂತೆ ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ, ತಡ ಮಾಡದೆ ಬಿತ್ತಿ. ನಾನೊಮ್ಮೆ ಬೀಜವನ್ನು ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಿದೆ. ಒಂದೂ ಮೊಳೆಯಲಿಲ್ಲ. ಕವಳೆ ಬೀಜದ ಜೀವ ಬಹಳ ದಿನ ಉಳಿಯುವುದಿಲ್ಲ. ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿದ ಚೀಲದಲ್ಲಿ ಅರ್ಧ ಇಂಚು ಆಳಕ್ಕೆ ಹಾಕಿದರೆ ಸಾಕು. ಸಸಿ ನಿಧಾನಕ್ಕೆ ಬೆಳೆಯುತ್ತದೆ. ಮುಂದಿನ ಮುಂಗಾರಿನವರೆಗೆ ಚೀಲದಲ್ಲೇ ಇರಲಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ನರ್ಸರಿಯಿಂದ ತಂದು ನೆಡಿ, ತಪ್ಪೇನಿಲ್ಲ.

ನೆಡುವ ಮೊದಲು ಹಗ್ಗ ಕಟ್ಟಿ ಗೆರೆ ಎಳೆಯಿರಿ. 30-40 ಸೈಟಿನ ಮುಂಭಾಗದ 30 ಅಡಿಯಲ್ಲಿ ಗೇಟಿಗೆ 10 ಅಡಿ ಬಿಟ್ಟರೆ ಉಳಿಯುವುದು 20. ಎರಡು ಅಡಿಗೊಂದರಂತೆ 11 ಸಸಿ ಸಾಕು. ಗೆರೆ ರಸ್ತೆ ಅಂಚಿಗೆ ತೀರಾ ಅಂಟಿಕೊಂಡಿರಬಾರದು, ಎರಡಡಿ ಒಳಗಿರಲಿ. ಪೊದೆ ಅಗಲವಾದ ಮೇಲೆ ಮುಳ್ಳು ದಾರಿಹೋಕರ ಪಂಚೆ, ಸೀರೆ ಹಿಡಿದರೆ ಬೈಗುಳ ನಮಗೇ ಅಲ್ವಾ? ಗುಂಡಿ ಒಂದಡಿ ಆಳ, ಒಂದಡಿ ಅಗಲ ಇರಲಿ. ಒಂದು ಬುಟ್ಟಿ ಗೊಬ್ಬರ ಮಣ್ಣಿಗೆ ಬೆರೆಸಿ ಜೂನ್, ಜುಲೈನಲ್ಲಿ ನೆಡಿ.

ಮಂಡ್ಯ ಕಡೆಯವರಿಗೆ ಇಲ್ಲೊಂದು ಮಾತು. ನಾಲೆ ಪಕ್ಕದ ಜಮೀನಿನಲ್ಲಿ ನೀರು ಬಸಿಯದೆ ನಿಲ್ಲುತ್ತದೆ. ಕವಳೆ ಬರ ತಡೆಯುತ್ತದೆ, ಬೇರಿನಲ್ಲಿ ನೀರು ನಿಂತರೆ ತಡೆಯುವುದಿಲ್ಲ. ಅಂಥ ಕಡೆ ಒಂದಡಿ ಎತ್ತರದ ಬದು ಹಾಕಿ ಅದರ ಮೇಲೆ ನೆಡಿ.

ಮೊದಲ ಬೇಸಿಗೆಗೆ ವಾರಕ್ಕೊಮ್ಮೆ ನೀರು ಕೊಡಿ. ಎಳೆ ಚಿಗುರನ್ನು ಮೇಕೆ ಬಿಡುವುದಿಲ್ಲ, ಸುತ್ತ ಜಾಲಿ ಮುಳ್ಳು ಚುಚ್ಚಿಡಿ. ಮುಂದೆ ಗಿಡವೇ ಮೇಕೆಯನ್ನು ನೋಡಿಕೊಳ್ಳುತ್ತದೆ.

ಇನ್ನು ಕತ್ತರಿ. ಜಾಸ್ತಿ ಜನ ಬೇಲಿ ಕೆಡಿಸುವುದು ಇಲ್ಲೇ. ಕಷ್ಟಪಟ್ಟು ಬೆಳೆದ ಗಿಡವನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ. ಬಿಟ್ಟರೆ ಗಿಡ ಮೇಲೆ ಚೆನ್ನಾಗಿ ಹರಡಿ ಬುಡ ಬೋಳಾಗುತ್ತದೆ, ನಾಯಿ ಆರಾಮಾಗಿ ನುಸುಳುತ್ತದೆ. ಆಮೇಲೆ ಆ ಕಂಡಿ ಮುಚ್ಚುವುದು ಬಲು ಕಷ್ಟ. ಅದಕ್ಕೇ ಸಸಿ ಮೊಣಕಾಲೆತ್ತರ ಬಂದ ಕೂಡಲೇ ಒಂದು ಗೇಣು ಬಿಟ್ಟು ಮೇಲಿನದನ್ನು ಕತ್ತರಿಸಿ. ಬುಡದಿಂದ ನಾಲ್ಕೈದು ಕವಲು ಹೊರಡುತ್ತವೆ. ಅವು ಒಂದೂವರೆ ಅಡಿ ಬೆಳೆದಾಗ ಅರ್ಧಕ್ಕೆ ಮತ್ತೆ ಕತ್ತರಿ. ಹೀಗೆ ಎರಡು ವರ್ಷ ಎತ್ತರದ ಆಸೆ ಬಿಡಿ. ಬೇಲಿಯ ಬುಡ ಅಗಲ, ತಲೆ ಕಿರಿದಾಗಿರಲಿ. ಆಗ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ. ದಪ್ಪ ಕೈಗವಸು ಹಾಕಿ, ಬರಿಗೈಯಲ್ಲಿ ಸಾಹಸ ಬೇಡ. ಹಾಲು ಅಂಟಿದರೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಉಜ್ಜಿದರೆ ಹೋಗುತ್ತದೆ.

ಮೂರು, ನಾಲ್ಕು ವರ್ಷಕ್ಕೆ ಬೇಲಿ ಕೂಡಿಕೊಳ್ಳುತ್ತದೆ, ಹೂವೂ ಬರುತ್ತದೆ. ಹಸಿರು ಕಾಯಿ ಉಪ್ಪಿನಕಾಯಿಗೆ, ಕಳಿತದ್ದು ಸುಮ್ನೆ ಬಾಯಿಗೆ. ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ, ಹಣ್ಣು ಮುಗಿದ ಮೇಲೆ ಸವರಿದರೆ ಸಾಕು. ಚಳಿಗಾಲದ ಕೊನೆಯಲ್ಲಿ ಕತ್ತರಿಸಿದರೆ ಆ ವರ್ಷದ ಹೂವೇ ಹೋಗುತ್ತದೆ. ಕತ್ತರಿ ಹಿಡಿಯುವ ಮುನ್ನ ಪೊದೆಯೊಳಗೆ ಒಮ್ಮೆ ಇಣುಕಿ. ಪಿಕಳಾರ ಗೂಡು ಕಟ್ಟಿದ್ದರೆ ಆ ಭಾಗವನ್ನು ಇನ್ನೊಂದು ತಿಂಗಳು ಮುಟ್ಟಬೇಡಿ.