ಕಲ್ಲು ಓದಿ ಜೋಡಿಸಿದ ಎಸ್.ಎಂ. ಕೃಷ್ಣ ಕಾಲಾನುಕ್ರಮ: ನನ್ನ ಅನುಭವ

ಎಸ್.ಎಂ. ಕೃಷ್ಣ ಅವರ ರಾಜಕೀಯ ಜೀವನವನ್ನು ವರ್ಷವಾರು ಜೋಡಿಸಿ ಪುಸ್ತಿಕೆ ಮಾಡ್ತೀನಿ, ಮದ್ದೂರು ಸುತ್ತಮುತ್ತಲ ಶಂಕುಸ್ಥಾಪನೆ ಕಲ್ಲುಗಳಿಂದಲೇ ಶುರು ಮಾಡ್ತೀನಿ ಅಂದಾಗ ಮಂಡ್ಯದ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ಹಳಬರನ್ನ ಮಾತಾಡಿಸೋದು ಬಿಟ್ಟು ಕಲ್ಲು ಹುಡುಕ್ತಾ ಹೋಗ್ತೀರಲ್ಲ ಮೇಷ್ಟ್ರೇ" ಅಂದರು. ಈಗ ಪುಸ್ತಿಕೆ ಅಚ್ಚಾಗಿದೆ. ಅವತ್ತು ತಲೆಯಾಡಿಸಿದವರೇ ಇವತ್ತು ಫೋನ್ ಮಾಡಿ ಇಸವಿ ಕೇಳುತ್ತಾರೆ. ಮಾಡಿದ್ದು ಹೇಗೆ ಅಂತ ಬರೆದಿಡುತ್ತಿದ್ದೇನೆ.

2024ರ ಡಿಸೆಂಬರಿನಲ್ಲಿ ಕೃಷ್ಣ ಅವರು ತೀರಿಕೊಂಡಾಗ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸ್‌ಗಳಲ್ಲೇ ಇಸವಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅದು ಆಶ್ಚರ್ಯವೂ ಅಲ್ಲ. ವಿಧಾನಸಭೆ, ವಿಧಾನ ಪರಿಷತ್ತು, ಲೋಕಸಭೆ, ರಾಜ್ಯಸಭೆ, ಈ ನಾಲ್ಕೂ ಮನೆಗಳಲ್ಲಿ ಕೂತವರು ಅವರು. 1962ರಲ್ಲಿ ಪಕ್ಷೇತರರಾಗಿ ನಿಂತು, ನೆಹರೂ ಬಂದು ಪ್ರಚಾರ ಮಾಡಿದ್ದ ಕೆ.ವಿ. ಶಂಕರಗೌಡರನ್ನು ಸೋಲಿಸಿದ್ದು ಮದ್ದೂರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಗೋಜಲು ಶುರುವಾಗುವುದು ಆಮೇಲೆ. 1968ರ ಉಪಚುನಾವಣೆಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಮಂಡ್ಯದ ಸಂಸದ. 1971ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ. ಮರುವರ್ಷವೇ ಲೋಕಸಭೆ ಬಿಟ್ಟು ವಿಧಾನ ಪರಿಷತ್ತಿಗೆ ಬಂದು ದೇವರಾಜ ಅರಸರ ಸಂಪುಟದಲ್ಲಿ ಕೈಗಾರಿಕಾ ಮಂತ್ರಿ. 1980ರಲ್ಲಿ ತಿರುಗಿ ಲೋಕಸಭೆ. ಇದಿಷ್ಟೂ ಊರಿನವರ ನೆನಪಿನಲ್ಲಿ "ಕೃಷ್ಣ ಎಂಪಿ ಆಗಿದ್ದಾಗ" ಅನ್ನುವ ಒಂದೇ ಗಂಟಾಗಿದೆ. ಮೊದಲ ಮೂರ್ನಾಲ್ಕು ತಿಂಗಳು ಹಿರಿಯರ ಮಾತು ರೆಕಾರ್ಡ್ ಮಾಡುವುದರಲ್ಲೇ ಕಳೆಯಿತು. ಒಂದೇ ಸೇತುವೆಗೆ ಅಣ್ಣ ಒಂದು ಇಸವಿ ಹೇಳಿದರೆ ತಮ್ಮ ಹತ್ತು ಹನ್ನೆರಡು ವರ್ಷ ಆಚೆಗಿನದು ಹೇಳುತ್ತಿದ್ದರು, ಇಬ್ಬರೂ ಆಣೆ ಇಟ್ಟು.

ಕಲ್ಲಿನ ಮೇಲೆ ಅವತ್ತಿನ ತಾರೀಕಿದೆ, ಅವತ್ತಿನ ಹುದ್ದೆಯಿದೆ. "ಲೋಕಸಭಾ ಸದಸ್ಯರು" ಅಂತಿದ್ದರೆ ಒಂದು ಕಾಲ, "ವಿಧಾನಸಭಾಧ್ಯಕ್ಷರು" ಅಂತಿದ್ದರೆ 1989ರಿಂದ 93ರೊಳಗೆ. ಇನ್ನೊಂದು ಲಾಭ ನಾನೇ ಕಂಡುಕೊಂಡದ್ದು: ಹೆಸರು ಎಷ್ಟನೇ ಸಾಲಿನಲ್ಲಿದೆ ಅಂತ ಗುರುತು ಹಾಕುತ್ತಾ ಹೋದರೆ ಜಿಲ್ಲೆಯಲ್ಲಿ ಯಾವಾಗ ಯಾರ ಮಾತು ನಡೆಯುತ್ತಿತ್ತು ಅನ್ನುವುದು ತಾನಾಗೇ ತೆರೆದುಕೊಳ್ಳುತ್ತದೆ. ಮುಖ್ಯ ಅತಿಥಿಗಳ ಕೊನೆಯ ಸಾಲಿನಿಂದ ಉದ್ಘಾಟಕರ ಸಾಲಿಗೆ ಅವರ ಹೆಸರು ಏರಿದ್ದು ಹೀಗೇ ಸಿಕ್ಕಿತು. ಇದನ್ನು ಯಾವ ಸಂದರ್ಶನವೂ ಕೊಡುತ್ತಿರಲಿಲ್ಲ.

ಓದುವುದೇ ಕಷ್ಟದ ಕೆಲಸ. ಹಳೆಯ ಕಲ್ಲುಗಳು ಕೈಯಲ್ಲಿ ಕೆತ್ತಿದವು, ಕೆತ್ತನೆ ಆಳವಿಲ್ಲ, ಮೇಲೆ ಸುಣ್ಣ, ಡಿಸ್ಟೆಂಪರ್, ಆಯಿಲ್ ಪೇಂಟ್ ಪದರ ಪದರ. ಫೋಟೋಗ್ರಾಫರ್ ಒಬ್ಬರನ್ನು ದಿನಕ್ಕೆ 2,500 ರೂಪಾಯಿಯಂತೆ ಕರೆದೊಯ್ದೆ. ಅವರ ಫ್ಲ್ಯಾಶ್ ನೇರ ಬಿದ್ದು ಅಕ್ಷರಗಳೆಲ್ಲ ಮಾಯ. ಆ ದುಡ್ಡು ಹೋಯಿತು. ಶಾಸನ ಓದುವವರ ಹಾಗೆ ಕಲ್ಲಿಗೆ ಕಾಗದ ಒತ್ತಿ ಪಡಿಯಚ್ಚು ತೆಗೆಯೋಣ ಅಂತ ಒದ್ದೆ ಕಾಗದ, ಬ್ರಷ್ಷು, ಮಸಿ ಎಲ್ಲ ತಂದು ನೋಡಿದೆ. ಆಳದ ಕೆತ್ತನೆಗೆ ಚೆನ್ನಾಗಿ ಬಂತು, ಪೇಂಟ್ ಬಳಿದದ್ದಕ್ಕೆ ಏನೂ ಹಿಡಿಯಲಿಲ್ಲ. ಕೊನೆಗೆ ಗೆದ್ದದ್ದು ಕತ್ತಲಾಗುವ ಹೊತ್ತು ಮತ್ತು 300 ರೂಪಾಯಿಯ ಟಾರ್ಚು. ಟಾರ್ಚನ್ನು ಗೋಡೆಗೆ ಆನಿಸಿ, ಬೆಳಕು ಕಲ್ಲಿನ ಮೇಲೆ ಪಕ್ಕದಿಂದ ಸವರಿಕೊಂಡು ಹೋಗುವ ಹಾಗೆ ಹಿಡಿದರೆ ಒಂದೊಂದು ಗುಂಡಿಯಲ್ಲೂ ನೆರಳು ನಿಂತು ಒತ್ತಕ್ಷರ ಸಮೇತ ಎದ್ದು ಬರುತ್ತದೆ. ನಾಲ್ಕು ಕಡೆಯಿಂದ ಹಿಡಿದು ನಾಲ್ಕು ಫೋಟೋ, ಮೊಬೈಲಿನಲ್ಲೇ. ಕಲ್ಲಿಗೆ ಪೆಟ್ಟಾಗದಂತೆ ಹಳೇ ಡಿಸ್ಟೆಂಪರ್ ಸಡಿಲಿಸಲು ನೀರಿಗೆ ನಾನು ಬೆರೆಸುವ ಪುಡಿ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು.

ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆಯ ಒಂದು ಶಾಲೆಯಲ್ಲಿ ಹಳೇ ಕಟ್ಟಡ ಕೆಡವಿ ಕಲ್ಲನ್ನು ಹಿತ್ತಲಿನ ನೀರಿನ ನಲ್ಲಿಯ ಕೆಳಗೆ ಬೋರಲು ಹಾಕಿದ್ದರು. ಬಿಸಿಯೂಟದ ತಟ್ಟೆ ತೊಳೆಯುವ ಜಾಗ. ಹೆಡ್ಮಾಸ್ತರರನ್ನು ಒಪ್ಪಿಸಿ, ಇಬ್ಬರು ಆಳುಗಳಿಗೆ ತಲಾ 500 ಕೊಟ್ಟು ಹಾರೆ ಹಾಕಿ ಮಗುಚಿಸಿದೆ. ಕೆಳಮುಖವಾಗಿದ್ದರಿಂದ ಅಕ್ಷರ ಹೊಸದರಂತಿತ್ತು: 1970ರ ತಾರೀಕು, ಹೆಸರಿನ ಮುಂದೆ ಲೋಕಸಭಾ ಸದಸ್ಯರು. ಮಂತ್ರಿಯಾದ ಮೇಲೆ ಮಾಡಿಸಿಕೊಟ್ಟ ಶಾಲೆ ಅಂತ ಊರೆಲ್ಲ ಹೇಳುತ್ತಿತ್ತು. ಅಲ್ಲಿದ್ದ ಅಜ್ಜ ಒಬ್ಬರು ಬಗ್ಗಿ ಓದಿ, "ಸರಿಯಾಗೇ ಅದೆ ಕಣಪ್ಪ" ಅಂದರು.

ಕಲ್ಲನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಕೆತ್ತಿಸಿದ ಮೇಲೆ ಸಮಾರಂಭ ಮುಂದಕ್ಕೆ ಹೋದದ್ದಿದೆ. ಅದಕ್ಕೇ ಪ್ರತಿ ಕಲ್ಲನ್ನೂ ಚುನಾವಣಾ ಆಯೋಗದ ಫಲಿತಾಂಶ ವರದಿಗೆ, ಲೋಕಸಭೆಯ ಚರ್ಚೆಗಳಿಗೆ ತಾಳೆ ಹಾಕಿದೆ. ಎರಡೂ ಪುಕ್ಕಟೆ ಸಿಗುತ್ತವೆ. ಅವರು ಕೂತದ್ದು 4, 5 ಮತ್ತು 7ನೇ ಲೋಕಸಭೆಗಳಲ್ಲಿ, ಹುಡುಕುವವರು ಅಷ್ಟರಲ್ಲೇ ಹುಡುಕಿದರೆ ಸಾಕು. 1999ರಿಂದ 2004ರವರೆಗಿನ ಮುಖ್ಯಮಂತ್ರಿ ಕಾಲದ್ದೆಲ್ಲ ಪಾಲಿಶ್ ಮಾಡಿದ ಕಪ್ಪು ಗ್ರಾನೈಟು, ಸಮಸ್ಯೆಯೇ ಇಲ್ಲ. ಮಹಾರಾಷ್ಟ್ರದ ರಾಜ್ಯಪಾಲರು, 2009ರಿಂದ 2012ರವರೆಗೆ ವಿದೇಶಾಂಗ ಸಚಿವರು, ಆ ಭಾಗಕ್ಕೆ ಪತ್ರಿಕೆಗಳೇ ಸಾಕಾದವು.

ನಡುವೆ ಲಗ್ನಪತ್ರಿಕೆಗಳ ಹಿಂದೆಯೂ ಬಿದ್ದೆ. ನಮ್ಮ ಕಡೆ ಮದುವೆಗೆ ಬರುವ ಗಣ್ಯರ ಹೆಸರು, ಹುದ್ದೆ ಅಚ್ಚು ಹಾಕಿಸುವುದು ಇದ್ದೇ ಇದೆ. ಟ್ರಂಕುಗಳಿಂದ ನಲವತ್ತು ಐವತ್ತು ಸಿಕ್ಕವು. 1977ರಿಂದ 80ರವರೆಗೆ, ಕಲ್ಲುಗಳಲ್ಲಿ ಅವರ ಹೆಸರೇ ಸಿಗದ ಆ ಅವಧಿಗೆ ಇವು ತುಂಬಾ ಉಪಯೋಗಕ್ಕೆ ಬಂದವು. ಟ್ರಂಕು ತೆಗೆಸುವುದು ಹೇಗೆ ಅನ್ನುವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಖರ್ಚು ಸುಮಾರು 40 ಸಾವಿರ. ಪೆಟ್ರೋಲಿಗೇ ಹತ್ತಿರ ಹತ್ತಿರ 12 ಸಾವಿರ. ಹೆಚ್ಚು ನೋಯಿಸಿದ್ದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ: ಮೈಸೂರಿನ ಒಂದು ಅಂಗಡಿಯಲ್ಲಿ ಟೈಪ್ ಮಾಡಿದ್ದನ್ನು ನುಡಿ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರಗಳೆಲ್ಲ ಒಡೆದು, ಕೊಟ್ಟ 4 ಸಾವಿರವೂ ಹೋಗಿ, ಮನೆಯಲ್ಲಿ ಮಗಳು ಕೂತು ಪೂರ್ತಿ ಮತ್ತೆ ಟೈಪ್ ಮಾಡಿದಳು. 300 ಪ್ರತಿ ಹಾಕಿಸಿದೆ. 80 ರೂಪಾಯಿಯಂತೆ ಮುಕ್ಕಾಲು ಪಾಲು ಮಾರಾಟವಾಗಿದೆ, ಅಸಲಿನ ಅರ್ಧದ ಹತ್ತಿರ ಬಂದಿದೆ.

ಈಗ ಜಿ. ಮಾದೇಗೌಡರದ್ದು ಹಿಡಿದಿದ್ದೇನೆ. ಕಿರುಗಾವಲಿನ ಶಾಸಕರಾಗಿ ದಶಕಗಳು, ಆಮೇಲೆ 1989 ಮತ್ತು 91ರಲ್ಲಿ ಮಂಡ್ಯದ ಸಂಸದರು. ಮಳವಳ್ಳಿ, ಕೆ.ಎಂ. ದೊಡ್ಡಿ ಕಡೆ ಹಳೇ ಶಾಲೆ, ಆಸ್ಪತ್ರೆ, ಡೇರಿ ಕಟ್ಟಡ ಕೆಡವುವ ಸುದ್ದಿ ಯಾರಿಗಾದರೂ ಸಿಕ್ಕರೆ ಗುತ್ತಿಗೆದಾರರು ಬರುವ ಮುಂಚೆ ತಿಳಿಸಿ, ಟಾರ್ಚು ಹಿಡಿದು ಸಂಜೆಯೊಳಗೆ ಬರುತ್ತೇನೆ.