ಬಾಯಿ ಬಿಡದ ತರಗತಿ ಮಾತಾಡಿದ್ದು ಹೇಗೆ: ನನ್ನ ಅನುಭವ

ನನ್ನ ಜರ್ಮನ್ ತರಗತಿಯ 24 ಜನರಲ್ಲಿ ಬಾಯಿ ಬಿಡುತ್ತಿದ್ದವರು ಐದಾರು ಜನ. ಉಳಿದವರು ಬರೆಯೋದರಲ್ಲಿ ಗಟ್ಟಿಗರೇ. ಎದ್ದು ನಿಂತರೆ ಮಾತ್ರ ಗಂಟಲು ಕಟ್ಟುತ್ತಿತ್ತು. ಈಗ ಇಪ್ಪತ್ತರ ಮೇಲೆ ಜನ ಮಾತಾಡುತ್ತಾರೆ. ಆಗೋ ಕೆಲಸವಲ್ಲ ಅಂದ ಸಹೋದ್ಯೋಗಿಗಳೇ ಈಗ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ.

ಮೊದಲು ಸಾಲಾಗಿ ಕೇಳುತ್ತಿದ್ದೆ. ತಮ್ಮ ಸರದಿಗೆ ಯಾವ ವಾಕ್ಯ ಬರುತ್ತೆ ಅಂತ ಎಣಿಸುತ್ತಾ ಕೂರುತ್ತಿದ್ದರು, ಬೇರೆಯವರ ಮಾತು ಕಿವಿಗೇ ಬೀಳುತ್ತಿರಲಿಲ್ಲ. ಚೀಟಿ ಎತ್ತಿ ಹೆಸರು ಕರೆದೆ. ಇನ್ನೂ ಕೆಟ್ಟಿತು, ಇಡೀ ಗಂಟೆ ಎಲ್ಲರಿಗೂ ಎದೆ ಡವಡವ. ಆಮೇಲೆ ಕೈಯಿಂದ ದುಡ್ಡು ಹಾಕಿ ಹೆಡ್‌ಸೆಟ್, ರೆಕಾರ್ಡರ್ ತಂದೆ. ಹೆಚ್ಚುಕಮ್ಮಿ ಅರ್ಧ ತಿಂಗಳ ಸಂಬಳ. ಯಂತ್ರದ ಮುಂದೆ ಚೆನ್ನಾಗಿ ಮಾತಾಡಿದರು, ಮನುಷ್ಯರ ಮುಂದೆ ಮತ್ತೆ ಮೌನ. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೈ ಹಿಡಿದದ್ದು 4-3-2 ಅನ್ನುವ ಅಭ್ಯಾಸ. ಒಂದೇ ವಿಷಯವನ್ನು ಒಬ್ಬರಾದ ಮೇಲೆ ಒಬ್ಬರಂತೆ ಮೂವರಿಗೆ, ಮೊದಲು ನಾಲ್ಕು, ಆಮೇಲೆ ಮೂರು, ಕೊನೆಗೆ ಎರಡು ನಿಮಿಷದಲ್ಲಿ ಹೇಳುವುದು. ಹೊಸಬರಿಗೆ ನಾಲ್ಕು ನಿಮಿಷ ಜಾಸ್ತಿ. ಎರಡು, ಒಂದೂವರೆ, ಒಂದು ಮಾಡಿದೆ. ಎಲ್ಲರೂ ಒಟ್ಟಿಗೆ ಮಾತಾಡುವಾಗ ಏಳುವ ಗದ್ದಲವೇ ಅವರಿಗೆ ಮರೆ. ತರಗತಿಯ ಮುಂದೆ ಬರುವ ಹೊತ್ತಿಗೆ ಅದು ನಾಲ್ಕನೇ ಸಲ, ನಾಲಿಗೆ ಪಳಗಿರುತ್ತದೆ. ಮೊದಲ ಜೋಡಿ ಯಾರ ಜೊತೆ ಯಾರು ಅನ್ನೋದರಲ್ಲೇ ಗುಟ್ಟಿದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಮಾತಿನ ಮಧ್ಯೆ ತಿದ್ದುವುದನ್ನೂ ನಿಲ್ಲಿಸಿದೆ. ಜಗಳವಾಗಿದ್ದು ಇಲ್ಲೇ. ನಾಮಪದದ ಲಿಂಗ ತೋರಿಸಲು ಅದರ ಮುಂದೆ ಬರುವ ಡೆರ್, ಡೀ, ಡಾಸ್ ತಪ್ಪಿದರೂ ಸುಮ್ನೆ ಬಿಟ್ಟರೆ ತಪ್ಪು ಅಂಟಿಕೊಳ್ಳುತ್ತೆ ಅಂದರು ಸಹೋದ್ಯೋಗಿಗಳು. ನಾನು ಬರೆದಿಟ್ಟುಕೊಂಡು, ಕೊನೆಯ ಐದು ನಿಮಿಷ ಯಾರ ಹೆಸರೂ ಹೇಳದೆ ಬೋರ್ಡಿಗೆ ಹಾಕುತ್ತೇನೆ. ತಪ್ಪು ಹೆಚ್ಚಲಿಲ್ಲ.

ಭಾಷಾ ತರಗತಿಯಲ್ಲಿನ ಭಯ ಅಳೆಯಲು 1986ರಲ್ಲಿ ಹಾರ್ವಿಟ್ಜ್ ಮತ್ತು ಜೊತೆಗಾರರು ಮಾಡಿದ 33 ಹೇಳಿಕೆಗಳ ಪಟ್ಟಿಯನ್ನೇ ಬಳಸಿದೆ. ಅಂಕ ಹೆಚ್ಚಿದ್ದಷ್ಟೂ ಭಯ ಹೆಚ್ಚು. 165ಕ್ಕೆ ಸರಾಸರಿ 110ರ ಆಸುಪಾಸು ಇದ್ದದ್ದು 85ರ ಹತ್ತಿರ ಇಳಿಯಿತು. ಹೆಸರು ಕರೆಯುವಾಗ ಎದೆ ಬಡಿದುಕೊಳ್ಳುತ್ತದೆ ಅನ್ನುವ ಹೇಳಿಕೆಯಲ್ಲೇ ಎಲ್ಲಕ್ಕಿಂತ ಜಾಸ್ತಿ ಇಳಿತ. ನನಗೆ ಬೇಕಿದ್ದದ್ದೂ ಅದೇ.

ನಡುವೆ ಇನ್ನೊಂದು ಪ್ರಯೋಗ ಮಾಡಿ ನೋಡಿದೆ. ಎಲ್ಲರಿಗೂ ಬೇರೆ ಹೆಸರು, ಬೇರೆ ಕೆಲಸ ಕೊಟ್ಟೆ. ಆರು ತಿಂಗಳು ತುಟಿ ತೆರೆಯದ ಹುಡುಗಿ ಟಿಕೆಟ್ ತಪಾಸಣೆಯವಳಾಗಿ ಪ್ರಯಾಣಿಕನ ಜೊತೆ ಮೂರು ನಿಮಿಷ ಜಗಳವಾಡಿದಳು. ಹೆಸರು ವಾಪಸ್ ಬಂದ ಮೇಲೂ ಮಾತು ನಿಲ್ಲಲಿಲ್ಲ.

ಇಬ್ಬರು ಇನ್ನೂ ತರಗತಿಯಲ್ಲಿ ಮಾತಾಡುವುದಿಲ್ಲ. ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ನನ್ನ ಜೊತೆ ಜರ್ಮನ್‌ನಲ್ಲೇ ಮಾತಾಡುತ್ತಾರೆ. ಅವರಿಗಾಗಿ ಐದು ನಿಮಿಷ ಮುಂಚೆಯೇ ತರಗತಿ ಬಿಡುತ್ತಿದ್ದೇನೆ.