ಆಟಿ ತಿಂಗಳು, ಒಂದು ಫ್ರೀಜರ್, ನಾಲ್ಕೈದು ಸುಳ್ಳು: ಕಡಿಮೆ ದುಡ್ಡಿನಲ್ಲಿ ಡಾರ್ಕ್ ಕಾಮಿಡಿ ಸಿನಿಮಾ ಮಾಡುವುದು ಹೇಗೆ

ನಾನು ಮದುವೆ ವೀಡಿಯೊ ಮಾಡುವವನು. ಸುರತ್ಕಲ್ ಹತ್ತಿರ ಸಣ್ಣ ಸ್ಟುಡಿಯೋ ಉಂಟು. ವರ್ಷದಲ್ಲಿ ಒಂದು ತಿಂಗಳು ನನ್ನ ಕ್ಯಾಮೆರಾಕ್ಕೆ ಕೆಲಸವೇ ಇರುವುದಿಲ್ಲ. ಅದು ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೋದ ಆಟಿಯಲ್ಲಿ 9 ಜನ ಸೇರಿ, 11 ದಿನದಲ್ಲಿ, 3 ಲಕ್ಷದ 40 ಸಾವಿರ ರೂಪಾಯಿಯಲ್ಲಿ ಒಂದು ಸಿನಿಮಾ ಮುಗಿಸಿದೆವು. ಒಂದು ಪ್ರೀತಿ, ನಾಲ್ಕೈದು ಮೋಸ, ಒಂದು ಹೆಣ. ಎಲ್ಲ ಒಂದೇ ಲೇಔಟಿನ ಒಳಗೆ. ನೀವೂ ಮಾಡುವುದಾದರೆ ನಮಗೆ ಆದ ಮಂಡೆಬಿಸಿ ನಿಮಗೆ ಆಗುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಥೆ ಬರೆದು ಆಮೇಲೆ ಜಾಗ ಹುಡುಕಲು ಹೋಗಬೇಡಿ. ಪುಕ್ಕಟೆ ಏನು ಸಿಗುತ್ತದೆ ಎಂದು ಮೊದಲು ನೋಡಿ. ನಮ್ಮ ಲೇಔಟಿನಲ್ಲಿ ಪುಕ್ಕಟೆ ಸಿಗುವುದು ಬೀಗ ಹಾಕಿದ ಮನೆಗಳು. ಮಕ್ಕಳು ದುಬೈ, ಮಸ್ಕತ್ತಿನಲ್ಲಿ. ಅಂಗಳಕ್ಕೆ ಇಂಟರ್‌ಲಾಕ್, ಟೆರೇಸಿಗೆ ಶೀಟು, ಗೇಟಿನಲ್ಲಿ ‘ನಾಯಿ ಇದೆ ಎಚ್ಚರಿಕೆ’ ಬೋರ್ಡು. ನಾಯಿ ಇಲ್ಲ. ಕೀ ಮಾತ್ರ ಯಾರದ್ದೋ ಕೈಯಲ್ಲಿ ಇರುತ್ತದೆ. ಆ ಕೀ ಯಾರ ಕೈಯಲ್ಲಿ ಉಂಟು ಅಂತ ಕೇಳಿಕೊಂಡರೆ ನಿಮ್ಮ ಹೀರೋ ಸಿಕ್ಕಿದ ಹಾಗೆ.

ನಮ್ಮ ಹೀರೋ ಸದಾನಂದ, ಪಿಗ್ಮಿ ಕಲೆಕ್ಟರ್. ಈ ಕೆಲಸ ಹುಟ್ಟಿದ್ದೇ ನಮ್ಮ ಕಡೆ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಬ್ಯಾಂಕು 2020ರಲ್ಲಿ ಕೆನರಾದೊಳಗೆ ಸೇರಿಹೋಯಿತು, ಪಿಗ್ಮಿಯವರು ಇನ್ನೂ ಮನೆಮನೆಗೆ ಬರುತ್ತಾರೆ. ದಿನಾ ಗೇಟು ತೆಗೆದು ಒಳಗೆ ಬರುವ ಮನುಷ್ಯ, ಯಾರ ಹತ್ತಿರ ಎಷ್ಟು ದುಡ್ಡು, ಯಾವ ಗಂಡ ಎಷ್ಟು ದಿನದಿಂದ ಫೋನ್ ಮಾಡಿಲ್ಲ, ಎಲ್ಲ ಗೊತ್ತಿರುವವನು. ಮೋಸದ ಕಥೆಗೆ ಇವನಿಗಿಂತ ಒಳ್ಳೆಯ ಜನ ಬೇಕಾ?

ಕಥೆ ಇಷ್ಟೇ. ಒಂದು ಮನೆಯಲ್ಲಿ ಒಬ್ಬರೇ ಇರುವ ಅಜ್ಜನನ್ನು ನೋಡಿಕೊಳ್ಳುವುದು ಸದಾನಂದ. ಪ್ರಮೀಳಾ ಎಂಬವಳಿಗೆ ಅವನು ‘ಮನೆ ನನ್ನದೇ, ಅವರು ನನ್ನ ಅಪ್ಪ’ ಎಂದು ಹೇಳಿದ್ದಾನೆ. ಅವಳ ಮನೆಯವರು ನೋಡಲು ಬರುವ ದಿನ ಬೆಳಿಗ್ಗೆಯೇ ಅಜ್ಜ ತೀರಿಕೊಳ್ಳುತ್ತಾರೆ. ನಿಜವಾದ ಮಗ ದುಬೈಯಿಂದ ಮುಟ್ಟುವುದು ಮೂರನೇ ದಿನ. ಅಲ್ಲಿಯವರೆಗೆ ಹೆಣ ಇಡಲು ಫ್ರೀಜರ್ ಬರುತ್ತದೆ. ಚಾವಡಿಯಲ್ಲಿ ಕಾಫಿ, ಬಿಸ್ಕುಟು. ಒಳಕೋಣೆಯಲ್ಲಿ ‘ಅಪ್ಪ ಮಲಗಿದ್ದಾರೆ.’

ಸುಳ್ಳು ಸಣ್ಣದಿರಲಿ. ಕೋಟಿಗಟ್ಟಲೆ ವಂಚನೆ, ಸುಪಾರಿ ಕೊಲೆ ಎಲ್ಲ ಬರೆದರೆ ಪೊಲೀಸ್ ಸ್ಟೇಷನ್ನು, ಜೀಪು, ಕೋರ್ಟು ಬೇಕಾಗುತ್ತದೆ. ದುಡ್ಡು ಹೋಗುವುದು ಅಲ್ಲಿಯೇ. ‘ಮನೆ ನನ್ನದು’ ಎಂಬ ಸುಳ್ಳಿಗೆ ಖರ್ಚಿಲ್ಲ. ಆದರೆ ಅದರ ಬಡ್ಡಿ ಏರುತ್ತಾ ಹೋಗಬೇಕು. ನಮ್ಮ ಸದಾನಂದ ಆ ಅಜ್ಜನಿಗೆ ನಾಲ್ಕು ವರ್ಷ ಗಂಜಿ ಬಡಿಸಿದವನು. ಈಗ ಅಳುವ ಹಾಗೂ ಇಲ್ಲ. ಬಂದವರು ಹೋದ ಮೇಲೆ ತನ್ನ ಜೇಬಿನಿಂದ ಹತ್ತು ರೂಪಾಯಿ ತೆಗೆದು, ಅಜ್ಜನ ಹೆಸರಿಗೆ ಆ ದಿನದ ಪಿಗ್ಮಿ ಕಟ್ಟಿ, ಮೆಷಿನ್ನಿನಿಂದ ಚೀಟಿ ಹರಿಯುತ್ತಾನೆ. ಇಡೀ ಸಿನಿಮಾದಲ್ಲಿ ನನಗೆ ತೃಪ್ತಿ ಇರುವ ಶಾಟ್ ಅದೊಂದೇ.

ನಗು ಎಲ್ಲಿಂದ ತರುವುದು? ಜೋಕು ಬರೆಯಬೇಡಿ. ನಮ್ಮ ಲೇಔಟಿನಲ್ಲಿ ಯಾರೂ ಯಾರನ್ನೂ ನೇರವಾಗಿ ಕೇಳುವುದಿಲ್ಲ, ಅಲ್ವಾ? ಎಲ್ಲ ಗೊತ್ತಿರುತ್ತದೆ, ಬಾಯಿ ಬಿಟ್ಟು ಹೇಳಿದರೆ ಮರ್ಯಾದೆ ಹೋಗುತ್ತದೆ. ಆ ಮರ್ಯಾದೆಯನ್ನು ಹಿಡಿದುಕೊಳ್ಳಿ. ಫ್ರೀಜರ್ ಇಳಿಸುವಾಗ ಆಚೆಮನೆಯ ಲೀಲಕ್ಕ ಕಂಪೌಂಡಿನ ಮೇಲಿಂದ ನೋಡುತ್ತಾರೆ.

‘ಹೊಸ ಫ್ರಿಜ್ಜಾ?’

‘ಹೌದು ಲೀಲಕ್ಕ.’

‘ದೊಡ್ಡದುಂಟು. ಡಬಲ್ ಡೋರಾ?’

‘ಅಲ್ಲ, ಮೇಲಿಂದ ತೆಗೆಯುವುದು.’

‘ಕರೆಂಟು ಜಾಸ್ತಿ ಎಳೆಯುತ್ತದಾ?’

‘ಮೂರೇ ದಿನಕ್ಕಲ್ವಾ.’

ಇಷ್ಟೇ. ಇಬ್ಬರೂ ಮುಖ ಗಂಭೀರ ಇಟ್ಟುಕೊಂಡು ಹೇಳಬೇಕು. ಒಬ್ಬರು ಕಣ್ಣು ಅರಳಿಸಿದರೂ ಮುಗಿಯಿತು.

ಅದೇ ನಮಗೆ ಕಷ್ಟ ಆದದ್ದು. ಮಂಗಳೂರಿನಲ್ಲಿ ಒಳ್ಳೆಯ ನಟರು ಸಿಗುವುದು ತುಳು ನಾಟಕದಿಂದ. ಟೈಮಿಂಗ್ ರಕ್ತದಲ್ಲೇ ಉಂಟು. ಆದರೆ ಅವರು ಕೊನೆಯ ಬೆಂಚಿಗೆ ಕೇಳುವ ಹಾಗೆ ಮಾತಾಡುವವರು. ‘ಸಣ್ಣಗೆ ಮಾಡಿ ಅಣ್ಣ’ ಎಂದು ಹೇಳಿ ಹೇಳಿ ಮೊದಲ ದಿನ ಹೋಯಿತು. ಎರಡನೇ ದಿನ ನಾನು ಸ್ಕ್ರಿಪ್ಟನ್ನೇ ಬದಲಿಸಿದೆ. ಪ್ರಮೀಳಾ ಕರೆದುಕೊಂಡು ಬರುವ ಮಾವ, ಅತ್ತೆ ನಿಜವಾದ ಮಾವ, ಅತ್ತೆಯೇ ಅಲ್ಲ, ದಿನಕ್ಕಿಷ್ಟು ಎಂದು ಮಾತಾಡಿ ತಂದ ನಾಟಕದವರು. ಈಗ ಅವರು ಜಾಸ್ತಿ ಮಾಡಿದಷ್ಟೂ ಕಥೆಗೆ ಒಳ್ಳೆಯದು! ನಟ ಬಗ್ಗದಿದ್ದರೆ ಪಾತ್ರವನ್ನು ಬಗ್ಗಿಸಿ.

ಒಂದು ಉದ್ದದ ಬುಕ್ಕು ಇಟ್ಟುಕೊಳ್ಳಿ. ಒಂದೊಂದು ಸೀನಿಗೆ ಒಂದು ಗೆರೆ. ಅಡ್ಡಕ್ಕೆ ಮನೆ ಮಾಡಿ: ಸದಾನಂದ, ಪ್ರಮೀಳಾ, ಲೀಲಕ್ಕ, ಕೊನೆಯಲ್ಲಿ ಸಿನಿಮಾ ನೋಡುವವರು. ಆ ಸೀನಿನಲ್ಲಿ ಯಾರಿಗೆ ಏನು ಗೊತ್ತು ಎಂದು ತುಂಬಿಸಿ. ನೋಡುವವರಿಗೆ ಯಾವಾಗಲೂ ಒಬ್ಬ ಪಾತ್ರಧಾರಿಗಿಂತ ಸ್ವಲ್ಪ ಜಾಸ್ತಿ ಗೊತ್ತಿರಬೇಕು. ನಮ್ಮ 14ನೇ ಸೀನಿನಲ್ಲಿ ಎಲ್ಲರಿಗೂ ಒಂದೇ ವಿಷಯ ಗೊತ್ತಿತ್ತು. ಶೂಟ್ ಮಾಡುವ ಮೊದಲೇ ಕಿತ್ತು ಹಾಕಿದೆವು. ಅರ್ಧ ದಿನ ಉಳಿಯಿತು.

ಸ್ಕ್ರಿಪ್ಟನ್ನು ಮನೆಯ ಹಿರಿಯರಿಗೆ ಓದಿ ಹೇಳಿ. ನನ್ನ ದೊಡ್ಡಮ್ಮ ವೀಳ್ಯ ಜಗಿಯುತ್ತಾ ಕೇಳಿ, ‘ಎಲ್ಲ ಸರಿ. ಆದರೆ ಆಟಿಯಲ್ಲಿ ಯಾರಾದರೂ ಸಂಬಂಧ ನೋಡಲು ಬರುವುದುಂಟಾ?’ ಎಂದರು. ನನ್ನ ಜೀವ ಬಾಯಿಗೆ ಬಂತು. ಶೂಟಿಂಗಿಗೆ ಬೇರೆ ತಿಂಗಳು ಇಲ್ಲ. ರಾತ್ರಿಯಿಡೀ ಯೋಚಿಸಿ ಆ ಪ್ರಶ್ನೆಯನ್ನು ಲೀಲಕ್ಕನ ಬಾಯಿಗೇ ಹಾಕಿದೆ. ಆಟಿಯಲ್ಲಿ ಬಂದ ನೆಂಟರು ನಿಜವಾದ ನೆಂಟರಲ್ಲ ಎಂದು ಮೊದಲು ಹಿಡಿಯುವುದು ಅವರೇ. ಕಥೆಯ ದೊಡ್ಡ ತಿರುವು ನಮಗೆ ಸಿಕ್ಕಿದ್ದು ಹೀಗೆ.

ಆಟಿಯಲ್ಲಿ ಇನ್ನೊಂದು ಲಾಭ. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಎಂಬ ದಿನಕ್ಕೆ ಭೂತಕೋಲ, ಯಕ್ಷಗಾನದ ತಿರುಗಾಟ ನಿಲ್ಲುತ್ತದೆ. ಮೈಕಾಸುರನ ಕಾಟ ಇಲ್ಲ. ಮಳೆಯ ಕಾಟ ಮಾತ್ರ. ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಹಾಗಾಗಿ ಇಡೀ ಕಥೆಯನ್ನೇ ಮಳೆಯಲ್ಲಿ ಇಡಿ. ಅಂಗಿಗೆ ಸಿಕ್ಕಿಸುವ ಮೈಕು ಎರಡು ಸಾಕು. ಮಾತು ಸರಿ ಬರದಿದ್ದರೆ ಅದೇ ಸಂಜೆ ಬಟ್ಟೆ ತುಂಬಿದ ಕೋಣೆಯಲ್ಲಿ ಕೂತು ಮತ್ತೆ ಹೇಳಿಸಿ. ನಾವು ದೊಡ್ಡಮ್ಮನ ಸೀರೆ ಕಪಾಟಿನ ಎರಡು ಬಾಗಿಲನ್ನೂ ತೆರೆದು, ಅದರ ಎದುರು ನಿಲ್ಲಿಸಿ ರೆಕಾರ್ಡ್ ಮಾಡಿದೆವು. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ, ಕೋಣೆ ಗುಂಯ್ ಅನ್ನುವುದಿಲ್ಲ. ಪ್ರತಿ ಜಾಗದಲ್ಲೂ ಎರಡು ನಿಮಿಷ ಬಾಯಿ ಮುಚ್ಚಿ ಬರೀ ಮಳೆಯ ಸದ್ದು ಹಿಡಿದಿಡಿ. ಎಡಿಟಿಂಗಿನಲ್ಲಿ ಅದನ್ನು ಹಾಸಿದರೆ ಶಾಟಿನಿಂದ ಶಾಟಿಗೆ ಮಳೆ ಕಡಿಮೆ ಜಾಸ್ತಿ ಆದದ್ದು ಯಾರಿಗೂ ತಿಳಿಯುವುದಿಲ್ಲ. ಕ್ಯಾಮೆರಾಕ್ಕೆ ಮಳೆ ಕಾಣಬೇಕಾದರೆ ಬೆಳಕು ಮಳೆಯ ಹಿಂದಿನಿಂದ ಬರಬೇಕು. ನಮ್ಮದು ಸ್ಕೂಟರಿನ ಹೆಡ್‌ಲೈಟು.

ಕ್ಯಾಮೆರಾ ಯಾವುದಾದರೂ ಆದೀತು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಟ್ಯೂಬ್‌ಲೈಟು ಮಿಣಮಿಣ ಅನ್ನುವುದಿಲ್ಲ. ಎಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಲೆನ್ಸ್ ಮಂಜು ಹಿಡಿಯುತ್ತದೆ, ಸ್ವಲ್ಪ ಕಾಯಿರಿ. ರಾತ್ರಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಆಟಿ ಮುಗಿಯುವಾಗ ಲೆನ್ಸಿನೊಳಗೆ ಬೂಸ್ಟು.

ಇನ್ನು ಫ್ರೀಜರಿನ ಕಥೆ. ಅದನ್ನು ಒಂದು ಯುವಕ ಮಂಡಲದವರು ಬಾಡಿಗೆಯಿಲ್ಲದೆ ಕೊಟ್ಟಿದ್ದರು. ಒಂದೇ ಷರತ್ತು: ಊರಿನಲ್ಲಿ ಯಾರಾದರೂ ತೀರಿಕೊಂಡರೆ ಆ ಗಳಿಗೆಯಲ್ಲೇ ವಾಪಸು. ಆರನೇ ದಿನ ಮಧ್ಯಾಹ್ನ, ನಾವು ಕುಚ್ಚಲಕ್ಕಿ ಗಂಜಿ, ಚಟ್ನಿ ಊಟಕ್ಕೆ ಕೂತಾಗ ಫೋನು ಬಂತು. ‘ಎಂಥ ಸಾವು ಮಾರಾಯ’ ಎಂದು ನಮ್ಮ ಲೈಟಿನ ಹುಡುಗ ರಾಗ ಎಳೆದ. ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. ಒಳಗೆ ಮಲಗಿ ಅಭ್ಯಾಸ ಮಾಡುತ್ತಿದ್ದ ನಮ್ಮ ಅಜ್ಜನ ಪಾತ್ರಧಾರಿಯನ್ನು ಎಬ್ಬಿಸಿ, ಒರೆಸಿ, ಗಾಡಿಗೆ ಹಾಕಿ ಕಳಿಸಿದೆವು. ಫ್ರೀಜರನ್ನು. ಅವರನ್ನಲ್ಲ.

ಉಳಿದ ಐದು ದಿನ ಬರೀ ಸದ್ದು ಇಟ್ಟುಕೊಂಡು ಮಾಡಿದೆವು. ಅದೃಷ್ಟಕ್ಕೆ ಫ್ರೀಜರಿನ ಗುರ್ ಎನ್ನುವ ಸದ್ದು ರೆಕಾರ್ಡ್ ಆಗಿತ್ತು. ಮುಚ್ಚಿದ ಬಾಗಿಲು, ಕೆಳಗಿನ ಸಂದಿಯಿಂದ ಹೊರಗೆ ಬಂದ ವಯರು, ಆ ಗುರ್. ಕರೆಂಟು ಹೋದಾಗ ಸದ್ದು ನಿಲ್ಲುತ್ತದೆ, ಸದಾನಂದನ ಕೈಯ ಕಾಫಿ ಲೋಟವೂ ನಿಲ್ಲುತ್ತದೆ. ಪೆಟ್ಟಿಗೆ ತೋರಿಸಿದ್ದರೆ ಆ ಸೀನಿಗೆ ಅಷ್ಟು ನಗು ಬರುತ್ತಿರಲಿಲ್ಲ. ಕೊಳ್ಳಲು ಆಗದ ವಸ್ತುವನ್ನು ಬಾಗಿಲ ಹಿಂದೆ ಇಡಿ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ಥಿಯೇಟರಿಗೆ ಸೆನ್ಸಾರ್ ಸರ್ಟಿಫಿಕೇಟು ಬೇಕು, ಮಂಡಳಿಯ ಕಚೇರಿ ಬೆಂಗಳೂರಿನಲ್ಲಿ ಉಂಟು. 2023ರ ತಿದ್ದುಪಡಿಯ ನಂತರ ಯುಎ, ಅಂದರೆ ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದು ಎಂಬ ಸರ್ಟಿಫಿಕೇಟು, 7, 13, 16 ವರ್ಷ ಎಂದು ಮೂರು ಭಾಗ ಆಗಿದೆ. ಬೀಡಿ ಸಿಗರೇಟು ತೋರಿಸಿದರೆ ಎಚ್ಚರಿಕೆಯ ಸಾಲು, ಆರೋಗ್ಯದ ಜಾಹೀರಾತು ಎಲ್ಲ ಸೇರಿಸಬೇಕು, ಅದರ ಬದಲು ಕಷಾಯ ಕುಡಿಸಿ. ಬೆಕ್ಕು, ಕೋಳಿ, ನಾಯಿ ನಟಿಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು. ನಾಯಿ ಇಲ್ಲದ ನಾಯಿ ಬೋರ್ಡು ನಮಗೆ ಅಲ್ಲಿಯೂ ಉಪಕಾರ ಮಾಡಿತು. ಫೋನಿನ ರಿಂಗ್‌ಟೋನಿಗೆ ಸಿನಿಮಾ ಹಾಡು ಬೇಡವೇ ಬೇಡ. ಮನೆಯವರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಎಷ್ಟು ಗುರುತಿನವರಾದರೂ.

ಎಡಿಟಿಂಗ್ ಅರ್ಧ ಆದಾಗಲೇ ಲೇಔಟಿನವರಿಗೆ ತೋರಿಸಿ. ಗೋಡೆಗೆ ಬಿಳಿ ಪಂಚೆ ಕಟ್ಟಿದರೆ ಸಾಕು. ನೀವು ಪಂಚೆ ನೋಡಬೇಡಿ, ಜನರ ಮುಖ ನೋಡಿ. ಎಲ್ಲಿ ಫೋನು ತೆಗೆಯುತ್ತಾರೋ ಅಲ್ಲಿ ಕತ್ತರಿ ಹಾಕಿ. ನಾನು ಹೀಗೆ 17 ನಿಮಿಷ ತೆಗೆದೆ.

ದೊಡ್ಡಮ್ಮ ಮುಂದಿನ ಕುರ್ಚಿಯಲ್ಲಿ ಕೂತು ಕೊನೆಯವರೆಗೂ ನೋಡಿದರು. ನಗಲೂ ಇಲ್ಲ, ಬೈಯಲೂ ಇಲ್ಲ. ‘ಲಾಯ್ಕ ಆಗಿದೆ’ ಎಂದು ಎದ್ದು ಹೋದರು. ಮೂರು ದಿನ ಬಿಟ್ಟು ನನ್ನ ಅಮ್ಮನ ಹತ್ತಿರ, ‘ಆ ಪ್ರಮೀಳಾ ಹುಡುಗಿಗೆ ಹಸಿರು ಸೀರೆ ಚಂದ ಕಾಣುತ್ತದೆ, ನನ್ನ ಹತ್ತಿರವೂ ಅಂಥದ್ದೇ ಒಂದು ಇತ್ತು’ ಎಂದರಂತೆ.